ಮನೆಯಲ್ಲೇ ವಿಟಮಿನ್ ಸಿ ಸೀರಮ್: ಅಳತೆ, ಹದ, ಜೋಪಾನ

ಮುಖಕ್ಕೆ ಹಚ್ಚುವ ವಿಟಮಿನ್ ಸಿ ಸೀರಮ್ ಕಲಸುವುದು ತೀರಾ ಸುಲಭ. ನೀರಿಗೆ ಬಿಳಿ ಪುಡಿ ಹಾಕಿ ಕದಡಿದರೆ ಎರಡು ನಿಮಿಷದಲ್ಲಿ ಕರಗಿ ತಿಳಿಯಾಗುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಆ ತಿಳಿನೀರು ಗಾಳಿ ತಾಗಿದ ಗಳಿಗೆಯಿಂದಲೇ ಕೆಡತೊಡಗುತ್ತದೆ. ಬೆಳಕು, ಬಿಸಿ, ನೀರಿನಲ್ಲಿರುವ ಚೂರುಪಾರು ಕಬ್ಬಿಣ ಎಲ್ಲವೂ ಅದನ್ನು ಹಾಳು ಮಾಡುತ್ತವೆ. ಹುಳಿ ಹೆಚ್ಚಾದರೆ ಮುಖ ಉರಿಯುತ್ತದೆ, ಕಡಿಮೆಯಾದರೆ ಚರ್ಮದೊಳಗೆ ಇಳಿಯುವುದೇ ಇಲ್ಲ.

ನಾನು ಮೊದಲ ಸಲ ಮಾಡಿದ್ದು 100 ಮಿಲಿ, ಅದೂ ಶೇ. 20ರ ಸೀರಮ್, ಅದೂ ನಲ್ಲಿ ನೀರಿನಲ್ಲಿ. ಮೊದಲ ವಾರ ಚೆನ್ನಾಗಿಯೇ ಇತ್ತು. ಮೂರನೇ ವಾರಕ್ಕೆ ಬಾಟಲಿಯೊಳಗಿನದು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತ್ತು. ಅಷ್ಟೊಂದು ಚೆಲ್ಲಲು ಮನಸ್ಸು ಬರದೆ ಬಳಸುತ್ತಲೇ ಹೋದೆ. ಬೆರಳ ತುದಿಯಲ್ಲಿ, ಉಗುರಿನ ಅಂಚಿನಲ್ಲಿ, ಹುಬ್ಬಿನ ಬುಡದಲ್ಲಿ ಕಿತ್ತಳೆ ಕಲೆ ಕೂತಿತು. ಸೋಪು ಹಾಕಿ ತಿಕ್ಕಿದರೂ ಹೋಗಲಿಲ್ಲ, ಚರ್ಮದ ಮೇಲ್ಪದರ ತಾನಾಗಿ ಉದುರುವವರೆಗೂ ಇತ್ತು. ಅಂದಿನಿಂದ ಒಂದು ಸಲಕ್ಕೆ 30 ಗ್ರಾಂಗಿಂತ ಹೆಚ್ಚು ಮಾಡಿಲ್ಲ. ನೀವೂ ಮಾಡಬೇಡಿ ಎಂಬುದೇ ನನ್ನ ಮೊದಲ ಮಾತು. ಕೆಳಗಿನ ಅಳತೆಗಳೆಲ್ಲ 30 ಗ್ರಾಂಗೆ ಲೆಕ್ಕ ಹಾಕಿದವು.

ಯಾವ ವಿಟಮಿನ್ ಸಿ?

ಬೇಕಾಗಿರುವುದು ಎಲ್-ಆಸ್ಕಾರ್ಬಿಕ್ ಆಮ್ಲದ ಶುದ್ಧ ಪುಡಿ. ಡಬ್ಬಿಯ ಮೇಲೆ ಬೇರೆ ಯಾವ ಪದಾರ್ಥದ ಹೆಸರೂ ಇರಬಾರದು. ಕಾಸ್ಮೆಟಿಕ್ ಗ್ರೇಡ್ ಅಥವಾ ಫಾರ್ಮಾ ಗ್ರೇಡ್ ಎಂದಿದ್ದರೆ ಒಳ್ಳೆಯದು. ನಯವಾದ ಪುಡಿ ಬೇಗ ಕರಗುತ್ತದೆ. ಹರಳು ದಪ್ಪಗಿದ್ದರೂ ತೊಂದರೆಯಿಲ್ಲ, ಇನ್ನಷ್ಟು ಹೊತ್ತು ಕಲಕಬೇಕು ಅಷ್ಟೆ. ಪುಡಿ ಅಚ್ಚ ಬಿಳಿ ಇರಬೇಕು. ಹಳದಿ ಛಾಯೆ ಇದ್ದರೆ ಅದು ಡಬ್ಬಿಯಲ್ಲಿರುವಾಗಲೇ ಕೆಡಲು ಶುರುವಾಗಿದೆ ಎಂದರ್ಥ.

ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಹಾಕಬಹುದೇ ಎಂದು ತುಂಬಾ ಜನ ಕೇಳುತ್ತಾರೆ. ಬೇಡ. ಚೀಪುವ ಮಾತ್ರೆಯಲ್ಲಿ ಸಕ್ಕರೆ, ಬಣ್ಣ, ಪರಿಮಳ, ಅಂಟು ಎಲ್ಲವೂ ಇರುತ್ತವೆ. ನೀರಿನಲ್ಲಿ ನೊರೆಯೇಳುವ ಮಾತ್ರೆಯಲ್ಲಿ ಸಿಟ್ರಿಕ್ ಆಮ್ಲವೂ ಸೋಡಾವೂ ಬೆರೆತಿರುತ್ತವೆ, ಹಾಗಾಗಿ ಹುಳಿ ಎಷ್ಟಿದೆಯೋ ಲೆಕ್ಕಕ್ಕೇ ಸಿಗುವುದಿಲ್ಲ. ಸೋಡಿಯಂ ಆಸ್ಕಾರ್ಬೇಟ್, ಕ್ಯಾಲ್ಸಿಯಂ ಆಸ್ಕಾರ್ಬೇಟ್ ಪುಡಿಗಳು ಹೆಸರಿನಲ್ಲಿ ಹತ್ತಿರದವು, ಕೆಲಸದಲ್ಲಿ ಬೇರೆ. ಅವು ಹುಳಿಯಿಲ್ಲದ ಲವಣಗಳು, ಈ ಸೀರಮ್‌ಗೆ ಆಗುವುದಿಲ್ಲ.

ನಿಂಬೆರಸದ ಮಾತನ್ನು ಸ್ವಲ್ಪ ಒತ್ತಿ ಹೇಳಲೇಬೇಕು. 100 ಗ್ರಾಂ ನಿಂಬೆರಸದಲ್ಲಿ ವಿಟಮಿನ್ ಸಿ ಇರುವುದು ಹೆಚ್ಚುಕಡಿಮೆ 40-50 ಮಿಲಿಗ್ರಾಂ, ಅಂದರೆ ಶೇ. 0.05. ಸೀರಮ್‌ಗೆ ಬೇಕಾದದ್ದು ಅದರ ಇನ್ನೂರು ಪಟ್ಟು. ಅದರ ಹುಳಿ ಬಹುಪಾಲು ಸಿಟ್ರಿಕ್ ಆಮ್ಲದ್ದು. ಅದಕ್ಕಿಂತ ಮುಖ್ಯವಾಗಿ, ನಿಂಬೆಜಾತಿಯ ಹಣ್ಣುಗಳಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯುರೋಕೌಮರಿನ್ ಎಂಬ ಪದಾರ್ಥಗಳಿವೆ. ಇವು ಚರ್ಮಕ್ಕೆ ತಾಗಿದ ಮೇಲೆ ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು, ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯಬಹುದು. ಕಲೆ ಹೋಗಲೆಂದು ಹಚ್ಚಿದ್ದು ಕಲೆಯನ್ನೇ ತರುತ್ತದೆ. ದಯವಿಟ್ಟು ನಿಂಬೆಯನ್ನು ಮುಖಕ್ಕೆ ಹಚ್ಚಬೇಡಿ.

ಅದು ಕೆಲಸ ಮಾಡುವ ಬಗೆ

ಆಸ್ಕಾರ್ಬಿಕ್ ಎಂಬ ಹೆಸರಿನಲ್ಲೇ ಸ್ಕರ್ವಿ ಎಂಬ ಕಾಯಿಲೆ ಅಡಗಿದೆ. ಸ್ಕರ್ವಿಯನ್ನು ದೂರವಿಡುವುದು ಎಂದು ಅರ್ಥ. ಈ ಕಾಯಿಲೆಯಲ್ಲಿ ಒಸಡಿನಲ್ಲಿ ರಕ್ತ ಬರುತ್ತದೆ, ಗಾಯ ಮಾಯುವುದಿಲ್ಲ. ಕಾರಣ, ಕೊಲಾಜೆನ್ ಎಂಬ ಪ್ರೋಟೀನ್ ಗಟ್ಟಿಯಾಗಿ ಹೆಣೆದುಕೊಳ್ಳಲು ನೆರವಾಗುವ ಕಿಣ್ವಗಳಿಗೆ ವಿಟಮಿನ್ ಸಿ ಇಲ್ಲದೆ ಕೆಲಸ ಸಾಗುವುದಿಲ್ಲ. ಚರ್ಮದ ಬಿಗಿಗೂ ಈ ಕೊಲಾಜೆನ್ನೇ ಆಧಾರ. ಇದರ ಜೊತೆಗೆ, ಕಪ್ಪು ಬಣ್ಣದ ಮೆಲನಿನ್ ತಯಾರಾಗಲು ಬೇಕಾದ ಟೈರೋಸಿನೇಸ್ ಎಂಬ ಕಿಣ್ವವನ್ನು ಇದು ತಡೆಯುತ್ತದೆ. ಬಿಸಿಲಿನಿಂದ ಚರ್ಮದಲ್ಲಿ ಹುಟ್ಟಿ ಜೀವಕೋಶಗಳನ್ನು ಹಾಳು ಮಾಡುವ ಫ್ರೀ ರ್‍ಯಾಡಿಕಲ್‌ಗಳಿಗೆ ತನ್ನ ಎಲೆಕ್ಟ್ರಾನ್ ಕೊಟ್ಟು ಅವುಗಳ ಹಾವಳಿ ನಿಲ್ಲಿಸುತ್ತದೆ.

ಎಲೆಕ್ಟ್ರಾನನ್ನು ಧಾರಾಳವಾಗಿ ಕೊಡುವ ಈ ಗುಣದಿಂದಲೇ ಅದು ಬಾಟಲಿಯಲ್ಲಿ ಕೆಡುವುದೂ. ಚರ್ಮದಲ್ಲಿ ಕೊಡಬೇಕಾದ್ದನ್ನು ಬಾಟಲಿಯೊಳಗಿನ ಆಮ್ಲಜನಕಕ್ಕೇ ಕೊಟ್ಟುಬಿಟ್ಟರೆ ನಿಮ್ಮ ಮುಖಕ್ಕೆ ಏನೂ ಉಳಿಯುವುದಿಲ್ಲ. ಮುಂದೆ ಹೇಳುವ ಒಂದೊಂದು ಎಚ್ಚರಿಕೆಯೂ ಇದನ್ನು ತಡೆಯುವುದಕ್ಕೇ.

ಎಷ್ಟು ಹಾಕಬೇಕು, ಎಷ್ಟು ಹುಳಿ ಇರಬೇಕು

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಚರ್ಮತಜ್ಞ ಶೆಲ್ಡನ್ ಪಿನೆಲ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇವತ್ತಿಗೂ ಅಡಿಗಲ್ಲು. ಹಂದಿಯ ಚರ್ಮದ ಮೇಲೆ ನಡೆಸಿದ ಆ ಪ್ರಯೋಗಗಳಲ್ಲಿ ಮೂರು ಸಂಗತಿ ಕಂಡವು. ಪಿಎಚ್ (ಹುಳಿಯ ಅಳತೆ, ಅಂಕೆ ಇಳಿದಷ್ಟೂ ಹುಳಿ ಹೆಚ್ಚು) 3.5ಕ್ಕಿಂತ ಕೆಳಗಿದ್ದರೆ ಮಾತ್ರ ಆಸ್ಕಾರ್ಬಿಕ್ ಆಮ್ಲ ಚರ್ಮದೊಳಗೆ ಇಳಿಯುತ್ತದೆ. ಶೇ. 20ರವರೆಗೆ ಪ್ರಮಾಣ ಏರಿಸಿದಷ್ಟೂ ಒಳಗೆ ಹೋಗುವುದು ಹೆಚ್ಚುತ್ತದೆ, ಅದರಾಚೆ ಏರಿಸಿ ಲಾಭವಿಲ್ಲ. ಒಮ್ಮೆ ಒಳಗೆ ಸೇರಿದ್ದು ಅರ್ಧಕ್ಕೆ ಇಳಿಯಲು ಸುಮಾರು ನಾಲ್ಕು ದಿನ ಬೇಕು. ಈ ಕೊನೆಯ ಮಾತು ನನಗೆ ಬಹಳ ಇಷ್ಟ. ಒಂದು ದಿನ ಹಚ್ಚಲು ಮರೆತರೆ ಕಳವಳಪಡಬೇಕಿಲ್ಲ. ದಿನ ಬಿಟ್ಟು ದಿನ ಹಚ್ಚಿದರೂ ಚರ್ಮದಲ್ಲಿ ಅದರ ದಾಸ್ತಾನು ಇದ್ದೇ ಇರುತ್ತದೆ.

ಶೇ. 20ರವರೆಗೆ ಹೋಗಬಹುದು ಎಂದ ಮಾತ್ರಕ್ಕೆ ಅಲ್ಲಿಂದಲೇ ಶುರು ಮಾಡಬೇಕೆಂದಿಲ್ಲ. ಇದುವರೆಗೆ ಹಚ್ಚದವರು ಶೇ. 10ರಿಂದ ಹೊರಡಿ. ಬೇಗ ಕೆಂಪಾಗುವ ಚರ್ಮದವರಿಗೆ ಶೇ. 5 ಸಾಕು. ಎರಡು ಬಾಟಲಿ ಮುಗಿದು ಚರ್ಮ ಒಗ್ಗಿಕೊಂಡಿದೆ ಅನಿಸಿದರೆ 15ಕ್ಕೆ ಏರಿಸಿ. ಮನೆಯಲ್ಲಿ ಮಾಡುವವರು ಅಲ್ಲಿಗೇ ನಿಲ್ಲುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇನ್ನು ಹುಳಿ. ಶೇ. 10ರ ಆಸ್ಕಾರ್ಬಿಕ್ ಆಮ್ಲವನ್ನು ಬರೀ ನೀರಿನಲ್ಲಿ ಕರಗಿಸಿದರೆ ಪಿಎಚ್ ಹತ್ತಿರ ಹತ್ತಿರ 2.2 ಆಗುತ್ತದೆ. ದಿನಾ ಮುಖಕ್ಕೆ ಹಚ್ಚಲು ಇದು ಅತಿಯಾಯಿತು. ಅದನ್ನು 3.0ರಿಂದ 3.3ರ ನಡುವೆ ತಂದು ನಿಲ್ಲಿಸಬೇಕು. ಪಾಕಕ್ಕೆ ಎಳೆ ಹದ ಇದ್ದ ಹಾಗೆ, ಸೀರಮ್‌ಗೆ ಈ ಪಿಎಚ್ ಹದ. ಹದಕ್ಕೆ ತರಲು ಬೇಕಾದದ್ದು ಅಡುಗೆ ಸೋಡಾ, ಅದೂ ಒಂದು ಗ್ರಾಂನ ಹತ್ತನೇ ಒಂದು ಭಾಗದಷ್ಟು. ಚಮಚದಲ್ಲಿ ಅಂದಾಜಿಗೆ ಹಾಕಿದರೆ ಪಿಎಚ್ 4, 5 ದಾಟಿಬಿಡುತ್ತದೆ. ಆಗ ಅದು ಚರ್ಮದೊಳಗೆ ಹೋಗುವುದೂ ಇಲ್ಲ, ಇನ್ನೂ ಬೇಗ ಕೆಡುತ್ತದೆ.

ಬೇಕಾಗುವ ವಸ್ತುಗಳು

ಮೊದಲು ಸಲಕರಣೆ. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಟೀ ಚಮಚದ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ನಯ ಪುಡಿಯ ಒಂದು ಚಮಚಕ್ಕೂ ದಪ್ಪ ಹರಳಿನ ಒಂದು ಚಮಚಕ್ಕೂ ತೂಕದಲ್ಲಿ ದೊಡ್ಡ ವ್ಯತ್ಯಾಸ. ಪಿಎಚ್ ನೋಡಲು ಮೀಟರ್ ಇದ್ದರೆ ಸರಿ, ಬಳಸುವ ಮುನ್ನ ಪಿಎಚ್ ಮೊದಲೇ ಗೊತ್ತಿರುವ ದ್ರಾವಣದಲ್ಲಿ, ಅಂದರೆ 4 ಮತ್ತು 7ರ ಬಫರ್‌ನಲ್ಲಿ ಸರಿಹೊಂದಿಸಿಕೊಳ್ಳಿ. ಪಟ್ಟಿಯಾದರೆ 1ರಿಂದ 14ರವರೆಗೆ ಎಲ್ಲ ತೋರಿಸುವ ಸಾಮಾನ್ಯ ಪಟ್ಟಿ ಬೇಡ. ಅದರಲ್ಲಿ 3ಕ್ಕೂ 4ಕ್ಕೂ ಬಣ್ಣದ ವ್ಯತ್ಯಾಸವೇ ಕಾಣದು. 0ರಿಂದ 6ರವರೆಗೆ ಅರ್ಧರ್ಧ ಅಂಕೆಗೆ ಬಣ್ಣ ಬದಲಿಸುವ ಪಟ್ಟಿ ತನ್ನಿ. ಇವಲ್ಲದೆ ಎರಡು ಮೂರು ಗಾಜಿನ ಬೀಕರ್ ಅಥವಾ ಪುಟ್ಟ ಗಾಜಿನ ಲೋಟ, ಗಾಜಿನ ಕಡ್ಡಿ, ಡ್ರಾಪರ್, ಗಾಢ ಕಂದು ಬಣ್ಣದ 15 ಮಿಲಿಯ ಎರಡು ಗಾಜಿನ ಬಾಟಲಿ, ಒರೆಸಲು ಶೇ. 70ರ ಐಸೊಪ್ರೊಪಿಲ್ ಆಲ್ಕೊಹಾಲ್. ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆ ಹತ್ತಿರ ತರಬೇಡಿ.

ಶೇ. 10ರ ಸೀರಮ್, 30 ಗ್ರಾಂಗೆ:

ಎಲ್-ಆಸ್ಕಾರ್ಬಿಕ್ ಆಮ್ಲ – 3.00 ಗ್ರಾಂ
ಡಿಸ್ಟಿಲ್ಡ್ ನೀರು – 16 ಗ್ರಾಂ, ಕೊನೆಗೆ ಭರ್ತಿಗೆ ಇನ್ನು ಸ್ವಲ್ಪ
ಪ್ರೊಪೇನ್‌ಡಯಾಲ್ (ಗ್ಲಿಸರಿನ್ ಥರದ, ತೇವ ಹಿಡಿದಿಡುವ ದ್ರವ) – 3.00 ಗ್ರಾಂ
ಗ್ಲಿಸರಿನ್ – 1.50 ಗ್ರಾಂ
ಡೈಸೋಡಿಯಂ ಇಡಿಟಿಎಯ ಶೇ. 1ರ ದ್ರಾವಣ – 3.00 ಗ್ರಾಂ
ಫಿನಾಕ್ಸಿಎಥನಾಲ್–ಎಥೈಲ್‌ಹೆಕ್ಸೈಲ್‌ಗ್ಲಿಸರಿನ್ ಪ್ರಿಸರ್ವೇಟಿವ್ – 0.30 ಗ್ರಾಂ
ಕ್ಸಾಂಥನ್ ಗಮ್ – 0.06 ಗ್ರಾಂ (ಬೇಕಿದ್ದರೆ)
ಅಡುಗೆ ಸೋಡಾದ ಶೇ. 5ರ ದ್ರಾವಣ – ಸುಮಾರು 1.8ರಿಂದ 2.8 ಗ್ರಾಂ

ಶೇ. 15ಕ್ಕಾದರೆ ಆಮ್ಲ 4.50 ಗ್ರಾಂ, ನೀರು 13 ಗ್ರಾಂ, ಸೋಡಾ ದ್ರಾವಣ ಸುಮಾರು 2.7 ಗ್ರಾಂನಿಂದ ಮೇಲೆ. ಶೇ. 5ಕ್ಕಾದರೆ ಆಮ್ಲ 1.50 ಗ್ರಾಂ, ನೀರು 18 ಗ್ರಾಂ, ಸೋಡಾ ದ್ರಾವಣ 0.9 ಗ್ರಾಂನಿಂದ ಮೇಲೆ. ಉಳಿದದ್ದೆಲ್ಲ ಅಷ್ಟಷ್ಟೇ.

ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್ ಮಾತ್ರ. ಬೇಕಿಂಗ್ ಪೌಡರ್ ಬೇರೆ, ಅದರಲ್ಲಿ ಪಿಷ್ಟವೂ ಬೇರೆ ಆಮ್ಲಗಳೂ ಇರುತ್ತವೆ.

ನಲ್ಲಿ ನೀರು, ಬಾಟಲಿ ನೀರು ಏಕೆ ಬೇಡ? ನಲ್ಲಿ ನೀರಿನ ಕ್ಲೋರಿನ್ ವಿಟಮಿನ್ ಸಿಯನ್ನು ತಕ್ಷಣ ತಿಂದುಹಾಕುತ್ತದೆ. ನೀರಿನಿಂದ ಕ್ಲೋರಿನ್ ತೆಗೆಯಲು ವಿಟಮಿನ್ ಸಿಯನ್ನೇ ಬಳಸುವುದುಂಟು, ಅಷ್ಟು ಜೋರಾದ ಪ್ರತಿಕ್ರಿಯೆ ಅದು. ಜೊತೆಗೆ ಪೈಪಿನಿಂದ ಬರುವ ಕಬ್ಬಿಣ, ತಾಮ್ರದ ಅಂಶ ತೀರಾ ಅತ್ಯಲ್ಪವಿದ್ದರೂ ಕೆಡುವ ವೇಗವನ್ನು ಹೆಚ್ಚಿಸುತ್ತದೆ. ಇಡಿಟಿಎ ಹಾಕುವುದು ಈ ಲೋಹಗಳನ್ನು ಹಿಡಿದು ಕಟ್ಟಿಹಾಕಲೆಂದೇ. ಹೆಸರು ಕೇಳಿ ಹೆದರಬೇಕಾದ್ದೇನಿಲ್ಲ. ಇದನ್ನು ಬಿಟ್ಟು ಮಾಡಿದ ಬಾಟಲಿಯನ್ನೂ ಹಾಕಿ ಮಾಡಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಬಿಟ್ಟದ್ದು ಮೊದಲು ಹಳದಿಯಾಯಿತು.

ಹಿಂದಿನ ತಯಾರಿ: ಎರಡು ಪುಟ್ಟ ದ್ರಾವಣ

30 ಗ್ರಾಂ ಸೀರಮ್‌ಗೆ ಬೇಕಾದ ಇಡಿಟಿಎ 0.03 ಗ್ರಾಂ, ಸೋಡಾ 0.1 ಗ್ರಾಂ ಚಿಲ್ಲರೆ. ನಮ್ಮ ತಕ್ಕಡಿಯಲ್ಲಿ ಇಷ್ಟು ಕಡಿಮೆ ತೂಕ ನಂಬಿಕೆಯಿಂದ ಬರುವುದಿಲ್ಲ. ಅದಕ್ಕೇ ಅವನ್ನು ಮೊದಲು ನೀರಿನಲ್ಲಿ ತೆಳುವಾಗಿಸಿಕೊಂಡು, ಆ ನೀರನ್ನು ತೂಗುವುದು.

ಸುಮಾರು 150 ಗ್ರಾಂ ಡಿಸ್ಟಿಲ್ಡ್ ನೀರನ್ನು ಗಾಜಿನ ಅಥವಾ ಒಳ್ಳೆಯ ಸ್ಟೀಲ್ ಪಾತ್ರೆಯಲ್ಲಿ ಐದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ. ಕುದಿಸಿದಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ಹೊರಗೆ ಹೋಗುತ್ತದೆ. ಆರಿದ ಮೇಲೆ ಸೌಟಾಡಿಸುವುದು, ಮೇಲಿಂದ ಸುರಿಯುವುದು ಮಾಡಿದರೆ ಮತ್ತೆ ಗಾಳಿ ಸೇರಿಕೊಳ್ಳುತ್ತದೆ, ಮೆಲ್ಲಗೆ ಬಗ್ಗಿಸಿ.

ಇಡಿಟಿಎ ದ್ರಾವಣಕ್ಕೆ 49.50 ಗ್ರಾಂ ನೀರಿಗೆ 0.50 ಗ್ರಾಂ ಡೈಸೋಡಿಯಂ ಇಡಿಟಿಎ. ಸೋಡಾ ದ್ರಾವಣಕ್ಕೆ 19 ಗ್ರಾಂ ನೀರಿಗೆ 1 ಗ್ರಾಂ ಅಡುಗೆ ಸೋಡಾ. ಎರಡನ್ನೂ ಅಂದಂದೇ ಮಾಡಿ, ಉಳಿದದ್ದನ್ನು ಚೆಲ್ಲಿ. ಯಾವುದು ಯಾವುದೆಂದು ಲೋಟದ ಮೇಲೆ ಚೀಟಿ ಅಂಟಿಸಿ, ಎರಡೂ ನೀರಿನ ಹಾಗೇ ಕಾಣುತ್ತವೆ.

ಮಾಡುವ ವಿಧಾನ

ಕೈ ತೊಳೆದುಕೊಳ್ಳಿ. ಬೀಕರ್, ಕಡ್ಡಿ, ಬಾಟಲಿ ಎಲ್ಲವನ್ನೂ ಸೋಪಿನಲ್ಲಿ ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ಆಲ್ಕೊಹಾಲ್‌ನಿಂದ ಒರೆಸಿ ಪೂರ್ತಿ ಆರಲು ಬಿಡಿ. ಆಲ್ಕೊಹಾಲ್ ಬಳಸುವಾಗ ಒಲೆ ಹೊತ್ತಿಸಿರಬಾರದು. ಮುಖ್ಯ ಬೀಕರ್‌ನ ಖಾಲಿ ತೂಕ ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಕ್ಸಾಂಥನ್ ಗಮ್ ಹಾಕುವುದಾದರೆ ಅದರಿಂದಲೇ ಶುರು. ನೇರವಾಗಿ ನೀರಿಗೆ ಉದುರಿಸಿದರೆ ಗಂಟು ಗಂಟಾಗಿ ಕೂರುತ್ತದೆ, ಎಷ್ಟು ಕಲಕಿದರೂ ಬಿಡುವುದಿಲ್ಲ. ಮೊದಲು ಗ್ಲಿಸರಿನ್‌ನಲ್ಲಿ ಹಾಕಿ ಕಡ್ಡಿಯಿಂದ ತಿಕ್ಕಿ ನಯ ಮಾಡಿ. ಆಮೇಲೆ 16 ಗ್ರಾಂ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಕಲಕಿ, ಹದಿನೈದು ನಿಮಿಷ ಹಾಗೇ ಬಿಡಿ. ಗಮ್ ನೆನೆದು ನೀರು ತುಸು ಲೋಳೆಯಾಗುತ್ತದೆ. ಗಮ್ ಬೇಡವಾದರೆ ನೀರಿಗೆ ಗ್ಲಿಸರಿನ್ ಸೇರಿಸಿದರಾಯಿತು. ಸೀರಮ್ ನೀರಿನಷ್ಟೇ ತೆಳ್ಳಗಿರುತ್ತದೆ, ಗುಣಕ್ಕೇನೂ ಕೊರತೆಯಿಲ್ಲ. ದಪ್ಪ ಬರಲೆಂದು ಹೈಲ್ಯುರಾನಿಕ್ ಆಮ್ಲ ಬೆರೆಸುವವರಿದ್ದಾರೆ. ವಿಟಮಿನ್ ಸಿ ಅದರ ಉದ್ದನೆಯ ಸರಪಳಿಯನ್ನು ತುಂಡರಿಸುತ್ತಾ ಹೋಗುತ್ತದೆ, ಕೆಲವು ದಿನಕ್ಕೆ ದಪ್ಪವೆಲ್ಲ ಇಳಿದುಹೋಗುತ್ತದೆ. ಅದು ಬೇಕಿದ್ದರೆ ಬೇರೆ ಬಾಟಲಿಯಲ್ಲಿಟ್ಟು ಮೇಲಿಂದ ಹಚ್ಚಿ.

ಈಗ 3 ಗ್ರಾಂ ಇಡಿಟಿಎ ದ್ರಾವಣ ಸೇರಿಸಿ. ಇದು ವಿಟಮಿನ್ ಸಿಗಿಂತ ಮೊದಲೇ ಹೋಗಬೇಕು. ನೀರಿನಲ್ಲಿ ಲೋಹವೇನಾದರೂ ಇದ್ದರೆ ಮೊದಲೇ ಕಟ್ಟಿಹಾಕಿರಬೇಕು.

ಮುಂದಿನದು ಆಸ್ಕಾರ್ಬಿಕ್ ಆಮ್ಲ. ನೀರು ಕೈಗೆ ಬೆಚ್ಚಗೂ ಅನಿಸಬಾರದು, ಕೋಣೆಯ ಉಷ್ಣತೆಯಲ್ಲೇ ಇರಲಿ. 3.00 ಗ್ರಾಂ ತೂಗಿ ಒಂದೇ ಸಲ ಹಾಕಿ, ಕಡ್ಡಿಯನ್ನು ತಳಕ್ಕೆ ತಾಗಿಸಿ ನಿಧಾನಕ್ಕೆ ತಿರುಗಿಸಿ. ಮೊದಲು ಮಂಜಿನಂತೆ ಬೆಳ್ಳಗಾಗುತ್ತದೆ, ತಳದಲ್ಲಿ ಹರಳುಗಳು ಉರುಳಾಡುವುದು ಕಡ್ಡಿಗೆ ಗೊರಗೊರ ಎಂದು ತಿಳಿಯುತ್ತದೆ. ಆ ಗೊರಗೊರ ನಿಂತ ಮೇಲೂ ಒಂದು ನಿಮಿಷ ತಿರುಗಿಸಿ, ಬೀಕರನ್ನು ಬೆಳಕಿಗೆ ಹಿಡಿದು ತಳದಿಂದ ನೋಡಿ. ಒಂದೇ ಒಂದು ಹರಳೂ ಮಿನುಗಬಾರದು. ಕರಗದ ಹರಳು ಉಳಿದರೆ ಮುಖದ ಮೇಲೆ ಅದೇ ಜಾಗದಲ್ಲಿ ಚುರ್ರೆನ್ನುತ್ತದೆ. ಮಿಕ್ಸರ್, ಬ್ಲೆಂಡರ್ ಬಳಸಬೇಡಿ, ಗಾಳಿ ತುಂಬಿಕೊಳ್ಳುತ್ತದೆ.

ಇನ್ನು ಹದ ಹಿಡಿಯುವ ಕೆಲಸ. ಇಲ್ಲಿ ಅವಸರ ಬೇಡ. ಬೀಕರನ್ನು ತಕ್ಕಡಿಯ ಮೇಲೆಯೇ ಇಟ್ಟು, ಸೋಡಾ ದ್ರಾವಣವನ್ನು ಡ್ರಾಪರ್‌ನಿಂದ 1.5 ಗ್ರಾಂ ಆಗುವವರೆಗೆ ಹನಿ ಹನಿಯಾಗಿ ಹಾಕಿ. ಪ್ರತಿ ಹನಿಗೂ ಸಣ್ಣ ಗುಳ್ಳೆಗಳು ಎದ್ದು ಚಿಟಿಚಿಟಿ ಎನ್ನುತ್ತವೆ. ಅದು ಇಂಗಾಲದ ಡೈ ಆಕ್ಸೈಡ್. ಕಲಕಿ, ಗುಳ್ಳೆ ಪೂರ್ತಿ ಅಡಗುವವರೆಗೆ ಐದು ನಿಮಿಷ ಕಾಯಿರಿ, ಆಮೇಲೆ ಪಿಎಚ್ ನೋಡಿ. 3.0ಕ್ಕಿಂತ ಕೆಳಗಿದ್ದರೆ ನಾಲ್ಕೈದು ಹನಿ ಹಾಕಿ, ಕಲಕಿ, ಕಾದು, ಮತ್ತೆ ನೋಡಿ. ನನ್ನ ಲೆಕ್ಕದಲ್ಲಿ 1.8 ಗ್ರಾಂ ಆಸುಪಾಸಿನಲ್ಲಿ 3.0 ಬರುತ್ತದೆ, 2.8 ಗ್ರಾಂ ಹೊತ್ತಿಗೆ 3.2. 3.5 ದಾಟಿಬಿಟ್ಟರೆ ಗಾಬರಿ ಬೇಡ. ಚಿಟಿಕೆ ಆಸ್ಕಾರ್ಬಿಕ್ ಆಮ್ಲ ಸೇರಿಸಿ ಕರಗಿಸಿದರೆ ಮತ್ತೆ ಇಳಿಯುತ್ತದೆ. ಪಿಎಚ್ ನೋಡದೆ ಮುಂದಿನ ಹೆಜ್ಜೆಗೆ ಹೋಗಲೇಬೇಡಿ. ಇಡೀ ವಿಧಾನದಲ್ಲಿ ನಾನು ರಾಜಿಯಾಗದ ಜಾಗ ಇದೊಂದೇ.

ಪ್ರಿಸರ್ವೇಟಿವನ್ನು ಬೇರೆ ಪುಟ್ಟ ಲೋಟದಲ್ಲಿ 3 ಗ್ರಾಂ ಪ್ರೊಪೇನ್‌ಡಯಾಲ್ ಜೊತೆ ಕಲಸಿ, ಆಮೇಲೆ ಬೀಕರಿಗೆ ಸುರಿದು ಕಲಕಿ. ನೇರವಾಗಿ ಹಾಕಿದರೆ ಅದು ಎಣ್ಣೆಯ ಮಣಿಯ ಹಾಗೆ ತಳಕ್ಕೆ ಹೋಗಿ ಕೂರುತ್ತದೆ, ಬೆರೆಯಲು ಸತಾಯಿಸುತ್ತದೆ. ಈಗ ಬೀಕರನ್ನು ತೂಗಿ, ಖಾಲಿ ತೂಕ ಕಳೆದು, 30 ಗ್ರಾಂಗೆ ಎಷ್ಟು ಕಡಿಮೆ ಇದೆಯೋ ಅಷ್ಟು ಕುದಿಸಿ ಆರಿಸಿದ ನೀರು ಸೇರಿಸಿ. ಕೊನೆಯ ಸಲ ಪಿಎಚ್ ನೋಡಿ ಬರೆದಿಟ್ಟುಕೊಳ್ಳಿ.

ಪ್ರಿಸರ್ವೇಟಿವ್ ಬೇಕೇ ಬೇಕೇ?

ಬೇಕು. ಇಷ್ಟು ಹುಳಿಯಲ್ಲಿ ಬಹುತೇಕ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ನಿಜ, ಆದರೆ ಬೂಷ್ಟು, ಯೀಸ್ಟ್‌ಗೆ ಹುಳಿಯ ಹೆದರಿಕೆಯಿಲ್ಲ. ದಿನಾ ತೆಗೆದು ಮುಚ್ಚುವ ಬಾಟಲಿ ಅದು. ಫಿನಾಕ್ಸಿಎಥನಾಲ್ ಶೇ. 1 ಮೀರಬಾರದು, ಯುರೋಪಿನ ನಿಯಮದಲ್ಲೂ ಅದೇ ಮಿತಿ. ಮೇಲಿನ ಅಳತೆ ಅದರೊಳಗೇ ಇದೆ.

ಒಂದು ಪ್ರಿಸರ್ವೇಟಿವ್ ಮಾತ್ರ ಇಲ್ಲಿ ಬೇಡವೇ ಬೇಡ: ಸೋಡಿಯಂ ಬೆಂಜೊಯೇಟ್. ಹುಳಿ ದ್ರಾವಣಕ್ಕೆ ಚೆನ್ನಾಗಿ ಹೊಂದುತ್ತದೆಂದು ಇದನ್ನು ಎಲ್ಲೆಡೆ ಶಿಫಾರಸು ಮಾಡುತ್ತಾರೆ. ಆದರೆ ವಿಟಮಿನ್ ಸಿ, ಬೆಂಜೊಯೇಟ್ ಮತ್ತು ಲೋಹದ ಅಂಶ ಒಟ್ಟಿಗೆ ಸೇರಿದರೆ ಬೆಂಜೀನ್ ಉಂಟಾಗಬಹುದು. ಅದು ಕ್ಯಾನ್ಸರ್‌ಕಾರಕ. ತಂಪು ಪಾನೀಯಗಳಲ್ಲಿ ಈ ಸಮಸ್ಯೆ ಕಂಡುಬಂದು ತಯಾರಕರು ಸೂತ್ರವನ್ನೇ ಬದಲಿಸಬೇಕಾಗಿ ಬಂದಿತ್ತು. ಬೇರೆ ದಾರಿ ಇರುವಾಗ ಈ ಜೋಡಿಯನ್ನು ಏಕೆ ಕೂಡಿಸಬೇಕು? ಕೊಂಡುಕೊಳ್ಳುವ ಪ್ರಿಸರ್ವೇಟಿವ್ ಮಿಶ್ರಣದ ಹಿಂದಿನ ಪಟ್ಟಿ ಓದಿ, ಬೆಂಜೊಯೇಟ್ ಅಥವಾ ಬೆಂಜೊಯಿಕ್ ಆಮ್ಲ ಇದ್ದರೆ ಬಿಡಿ.

ವಿಟಮಿನ್ ಇ, ಫೆರುಲಿಕ್ ಆಮ್ಲ

ಶೇ. 15 ವಿಟಮಿನ್ ಸಿ, ಶೇ. 1 ವಿಟಮಿನ್ ಇ ಇರುವ ದ್ರಾವಣಕ್ಕೆ ಶೇ. 0.5 ಫೆರುಲಿಕ್ ಆಮ್ಲ ಸೇರಿಸಿದಾಗ ಅದು ಹೆಚ್ಚು ಸ್ಥಿರವಾಗಿ ಉಳಿಯಿತು, ಬಿಸಿಲಿನಿಂದ ಕೊಡುವ ರಕ್ಷಣೆ ಸುಮಾರು ನಾಲ್ಕು ಪಟ್ಟಿನಿಂದ ಎಂಟು ಪಟ್ಟಿಗೆ ಏರಿತು ಎಂದು ಪಿನೆಲ್ ಅವರ ತಂಡ 2005ರಲ್ಲಿ ತೋರಿಸಿತು. ಮೂರೂ ಇರುವ ಸೀರಮ್‌ಗಳು ಜನಪ್ರಿಯವಾದದ್ದು ಆಮೇಲೆ. ಮನೆಯಲ್ಲಿ ಮಾಡಬಹುದು, ಆದರೆ ಮೊದಲ ಬಾಟಲಿಯಲ್ಲೇ ಬೇಡ. ಫೆರುಲಿಕ್ ಆಮ್ಲ ತಣ್ಣೀರಿನಲ್ಲಿ ಕರಗುವುದಿಲ್ಲ. ಬೆಚ್ಚಗಿನ ಪ್ರೊಪೇನ್‌ಡಯಾಲ್‌ನಲ್ಲಿ ಕರಗಿಸಿ ಸೇರಿಸಿದರೂ ಫ್ರಿಜ್‌ನಲ್ಲಿ ಮತ್ತೆ ಸೂಜಿ ಸೂಜಿಯಾಗಿ ಹರಳುಗಟ್ಟುವುದುಂಟು. ವಿಟಮಿನ್ ಇ ಎಣ್ಣೆ, ನೀರಿಗೆ ಬೆರೆಸಲು ಪಾಲಿಸಾರ್ಬೇಟ್ 80ರಂಥದ್ದು ಬೇಕು. ಬರೀ ವಿಟಮಿನ್ ಸಿಯ ಹದ ಕೈಗೆ ಕೂತ ಮೇಲೆ ಇವುಗಳ ಕಡೆ ನೋಡಿ.

ಬಾಟಲಿ, ಫ್ರಿಜ್, ಬಣ್ಣ

ಸೀರಮನ್ನು ಎರಡು ಬಾಟಲಿಗೆ ಹಂಚಿ. ಒಂದನ್ನು ಕತ್ತಿನವರೆಗೆ ತುಂಬಿ ಬಿಗಿಯಾಗಿ ಮುಚ್ಚಿ, ಮೊದಲನೆಯದು ಮುಗಿಯುವವರೆಗೆ ತೆರೆಯಬೇಡಿ. ಬಾಟಲಿಯಲ್ಲಿ ಖಾಲಿ ಜಾಗ ಇದ್ದಷ್ಟೂ ಗಾಳಿ. ಡ್ರಾಪರ್ ಪ್ರತಿ ಸಲವೂ ಹೊಸ ಗಾಳಿಯನ್ನು ಒಳಗೆ ತಳ್ಳುತ್ತದೆ. ಗಾಳಿಯಾಡದ ಪಂಪ್ ಬಾಟಲಿ ಸಿಕ್ಕರೆ ಅದಕ್ಕಿಂತ ಉತ್ತಮ. ಡ್ರಾಪರ್ ತುದಿಯನ್ನು ಮುಖಕ್ಕೆ ತಾಗಿಸಬೇಡಿ. ಎರಡೂ ಬಾಟಲಿಗೆ ತಾರೀಖು, ಶೇಕಡಾ, ಪಿಎಚ್ ಬರೆದ ಚೀಟಿ ಅಂಟಿಸಿ ಫ್ರಿಜ್‌ನಲ್ಲಿಡಿ. ಮಕ್ಕಳ ಕೈಗೆ ಎಟುಕದಿರಲಿ, ತಿನ್ನುವ ಪದಾರ್ಥದ ಜೊತೆ ಬೆರೆಯದಿರಲಿ.

ಕಂದು ಬಾಟಲಿಯಲ್ಲಿ ಸೀರಮ್‌ನ ಬಣ್ಣ ಕಾಣುವುದಿಲ್ಲ. ವಾರಕ್ಕೆರಡು ಸಲ ನಾಲ್ಕು ಹನಿಯನ್ನು ಬಿಳಿ ತಟ್ಟೆಯ ಮೇಲೆ ಬಿಟ್ಟು, ಪಕ್ಕದಲ್ಲಿ ನಾಲ್ಕು ಹನಿ ನೀರು ಬಿಟ್ಟು ಹೋಲಿಸಿ ನೋಡಿ. ನೀರಿನ ಹಾಗೇ ಇದ್ದರೆ ಸರಿ. ಒಣಹುಲ್ಲಿನಷ್ಟು ತಿಳಿ ಹಳದಿ ಬಂದಿದ್ದರೆ ಒಂದಿಷ್ಟು ಸತ್ವ ಹೋಗಿದೆ, ಎರಡು ಮೂರು ದಿನದಲ್ಲಿ ಮುಗಿಸಿ. ಕಿತ್ತಳೆಗೆ ತಿರುಗಿದ್ದರೆ ಚೆಲ್ಲಿ. ಆಸ್ಕಾರ್ಬಿಕ್ ಆಮ್ಲ ಕೆಡುವಾಗ ಹುಟ್ಟುವ ಪದಾರ್ಥಗಳಲ್ಲಿ ಎರಿಥ್ರುಲೋಸ್ ಒಂದು. ಚರ್ಮವನ್ನು ಕಂದಾಗಿಸುವ ಕೆಲವು ಸೆಲ್ಫ್ ಟ್ಯಾನಿಂಗ್ ಕ್ರೀಮುಗಳಲ್ಲೂ ಇದು ಇರುತ್ತದೆ. ನನ್ನ ಉಗುರಿನ ಅಂಚಿನ ಕಲೆಗೆ ಕಾರಣ ಆಮೇಲೆ ತಿಳಿದದ್ದು ಹೀಗೆ. ಬಣ್ಣ ಬದಲಾಗದಿದ್ದರೂ ತೆರೆದ ಬಾಟಲಿಯನ್ನು ಎರಡು ವಾರ, ತೆರೆಯದ್ದನ್ನು ನಾಲ್ಕು ವಾರ ದಾಟಿ ಇಡಬೇಡಿ. ವಾಸನೆ ಬದಲಾದರೆ, ಮೋಡದಂತೆ ಕದಡಿದರೆ, ಎಳೆ ಎಳೆಯಾಗಿ ಏನಾದರೂ ತೇಲಿದರೆ ಅಂದೇ ಚೆಲ್ಲಿ.

ಹಚ್ಚುವುದು

ಮೊದಲು ಪ್ಯಾಚ್ ಟೆಸ್ಟ್. ಮೊಣಕೈ ಒಳಭಾಗದಲ್ಲಿ ಒಂದು ಹನಿ ಹಚ್ಚಿ 24 ಗಂಟೆ ಬಿಟ್ಟು ನೋಡಿ. ಮರುದಿನ ಕಿವಿಯ ಹಿಂದೆ ಹಚ್ಚಿ ಇನ್ನೊಂದು ದಿನ ಕಾಯಿರಿ. ಕೆಂಪು, ತುರಿಕೆ, ಗುಳ್ಳೆ ಇಲ್ಲದಿದ್ದರೆ ಮುಖಕ್ಕೆ ಬನ್ನಿ. ಗಾಯ, ಒಡೆದ ಮೊಡವೆ, ಎಕ್ಸಿಮಾ, ರೋಸೇಶಿಯಾ ಇರುವ ಚರ್ಮಕ್ಕೆ ಹಚ್ಚಬೇಡಿ. ಪೀಲ್, ಲೇಸರ್ ಮಾಡಿಸಿಕೊಂಡವರು, ಚರ್ಮಕ್ಕೆ ಔಷಧಿ ಹಚ್ಚುತ್ತಿರುವವರು ತಮ್ಮ ವೈದ್ಯರನ್ನು ಕೇಳದೆ ಶುರು ಮಾಡಬಾರದು.

ಬೆಳಿಗ್ಗೆ ಮುಖ ತೊಳೆದು ಚೆನ್ನಾಗಿ ಒರೆಸಿ. ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಹೆಚ್ಚು. ಅಂಗೈಗೆ ನಾಲ್ಕೈದು ಹನಿ ಸಾಕು. ಕಣ್ಣಿನ ಸುತ್ತ, ಮೂಗಿನ ಮಡಿಕೆ, ತುಟಿಯ ಮೂಲೆ ಬಿಟ್ಟು ಉಳಿದೆಡೆ ಒತ್ತಿ ಹಚ್ಚಿ. ಒಂದೆರಡು ನಿಮಿಷ ಚುಮುಚುಮು ಎನಿಸುವುದು ಸಹಜ. ಉರಿ ಏರುತ್ತಲೇ ಹೋದರೆ, ಕೆಂಪು ನಿಂತರೆ, ತಣ್ಣೀರಿನಲ್ಲಿ ತೊಳೆದುಬಿಡಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಉರಿ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಿ. ಹತ್ತು ನಿಮಿಷ ಬಿಟ್ಟು ಮಾಯಿಶ್ಚರೈಸರ್, ಅದರ ಮೇಲೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್. ಸನ್‌ಸ್ಕ್ರೀನ್ ಹಚ್ಚದವರಿಗೆ ಈ ಸೀರಮ್‌ನಿಂದ ಕಲೆ ತಿಳಿಯಾಗುವುದಿಲ್ಲ. ಒಂದು ಕಡೆ ತಡೆದ ಮೆಲನಿನ್ ಬಿಸಿಲಿನಿಂದ ಇನ್ನೊಂದು ಕಡೆ ಹುಟ್ಟುತ್ತಲೇ ಇರುತ್ತದೆ.

ಮೊದಲ ಎರಡು ವಾರ ದಿನ ಬಿಟ್ಟು ದಿನ. ರೆಟಿನಾಲ್ ಹಚ್ಚುವವರು ಅದನ್ನು ರಾತ್ರಿಗೆ ಇಟ್ಟುಕೊಳ್ಳಿ. ಬೆಂಜಾಯಿಲ್ ಪೆರಾಕ್ಸೈಡ್ ಒಟ್ಟಿಗೆ ಬೇಡ, ಅದು ವಿಟಮಿನ್ ಸಿಯನ್ನು ಮುಖದ ಮೇಲೆಯೇ ಕೆಡಿಸುತ್ತದೆ. ಗ್ಲೈಕಾಲಿಕ್ ಆಮ್ಲದಂಥ ಪೀಲಿಂಗ್ ಆಮ್ಲಗಳನ್ನು ಅದೇ ಹೊತ್ತಿಗೆ ಹಚ್ಚಿದರೆ ಉರಿ ಮೇಲೆ ಉರಿ. ಫಲ ಕಾಣಲು ಎರಡು ಮೂರು ತಿಂಗಳಾದರೂ ಬೇಕು. ಮೊಡವೆ ಬಿಟ್ಟುಹೋದ ಕಲೆ ತಿಳಿಯಾಗುತ್ತದೆ, ಮುಖದ ಮಂಕು ಕಡಿಮೆಯಾಗುತ್ತದೆ. ಆಳವಾದ ಬಂಗು ಇದರಿಂದಲೇ ಹೋಗುತ್ತದೆಂದು ನಂಬಿ ಚಿಕಿತ್ಸೆ ಮುಂದೂಡಬೇಡಿ.

ಹುಳಿ ಒಗ್ಗದವರಿಗೆ

ಶೇ. 5 ಕೂಡ ಉರಿಯುತ್ತದೆ ಎನ್ನುವವರಿಗೆ ಸೋಡಿಯಂ ಆಸ್ಕಾರ್ಬೈಲ್ ಫಾಸ್ಫೇಟ್ ಇದೆ. ಇದು ವಿಟಮಿನ್ ಸಿಯ ಇನ್ನೊಂದು ರೂಪ. ಹುಳಿಯಿಲ್ಲ, ಬೇಗ ಕೆಡುವುದೂ ಇಲ್ಲ, ಆದರೆ ಚರ್ಮದೊಳಗೆ ಹೋಗುವುದು ಕಡಿಮೆ. 30 ಗ್ರಾಂಗೆ 1.50 ಗ್ರಾಂ ಹಾಕಿ, ಮೇಲಿನ ವಿಧಾನದಲ್ಲೇ ಮಾಡಿ. ಪಿಎಚ್ ಮಾತ್ರ ತಿರುಗುಮುರುಗು. ಇದರ ದ್ರಾವಣ ಸ್ವಭಾವತಃ ಕ್ಷಾರದ ಕಡೆಗೆ, 9ರ ಮೇಲೆ ಇರುತ್ತದೆ. ಸೋಡಾ ಹಾಕುವಂತಿಲ್ಲ, ಸಿಟ್ರಿಕ್ ಆಮ್ಲದ ತೆಳು ದ್ರಾವಣವನ್ನು ಹನಿಹನಿಯಾಗಿ ಹಾಕಿ 7ರ ಹತ್ತಿರ ತನ್ನಿ, 6.5ಕ್ಕಿಂತ ಕೆಳಗಿಳಿಸಬೇಡಿ. ಹುಳಿಯ ಕಾವಲು ಇಲ್ಲದ ಕಾರಣ ಇದರಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುತ್ತವೆ, ಪ್ರಿಸರ್ವೇಟಿವ್ ಬಿಡಲೇಬಾರದು. ಪಿಎಚ್ ಪಟ್ಟಿಯೂ 5ರಿಂದ 9 ತೋರಿಸುವಂಥದ್ದು ಬೇಕು.

ಮುಂದಿನ ಬಾಟಲಿಗೆ

ಯಾವ ಸೀರಮ್ ಆದರೂ ನಿಮಗಷ್ಟೇ ಮಾಡಿಕೊಳ್ಳಿ. ಗೆಳತಿ ಕೇಳಿದಳೆಂದು ಕೊಟ್ಟರೆ ಅವಳ ಮನೆಯಲ್ಲಿ ಅದು ಫ್ರಿಜ್‌ನಲ್ಲಿರುತ್ತದೋ ಕಿಟಕಿಯ ಬಳಿ ಇರುತ್ತದೋ ನಿಮಗೆ ಗೊತ್ತಾಗುವುದಿಲ್ಲ. ಬೇಕಿದ್ದರೆ ಜೊತೆಗೆ ಕೂತು ಮಾಡಲು ಕಲಿಸಿ.

ಹಳೆಯ ಬಾಟಲಿಗೆ ಹೊಸ ಸೀರಮ್ ತುಂಬುವಾಗ ತಳದಲ್ಲಿ ಉಳಿದ ನಾಲ್ಕು ಹನಿಯ ಮೇಲೆ ಸುರಿಯಬೇಡಿ, ಕೆಟ್ಟದ್ದರ ಜೊತೆ ಸೇರಿ ಹೊಸದು ಮೊದಲ ದಿನವೇ ಹಾಳಾಗತೊಡಗುತ್ತದೆ. ಉಳಿದದ್ದನ್ನು ಸಿಂಕ್‌ಗೆ ಸುರಿದು ನೀರು ಬಿಡಿ. ಡ್ರಾಪರ್‌ನ ರಬ್ಬರ್ ಬಿಚ್ಚಿ, ಗಾಜಿನ ನಳಿಕೆಯೊಳಗೆ ನೀರು ಹಾಯಿಸಿ ತೊಳೆಯಿರಿ. ಹಳದಿ ಕಟ್ಟಿಕೊಳ್ಳುವುದು ಅಲ್ಲೇ. ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ಆಲ್ಕೊಹಾಲ್ ಆಡಿಸಿ, ಬಟ್ಟೆಯ ಮೇಲೆ ಬೋರಲು ಹಾಕಿ ರಾತ್ರಿಯಿಡೀ ಒಣಗಲು ಬಿಡಿ. ಹಳೆಯ ಚೀಟಿ ಕಿತ್ತು ಹೊಸ ತಾರೀಖಿನದನ್ನು ಬೆಳಿಗ್ಗೆ ಅಂಟಿಸಿ.